ಛತ್ರದವನ ಕೈಗಿತ್ತ ಎರಡು ನಾಣ್ಯ



ದಯಾಳು ಸಮಾರಿತನ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಗಾಯಕ್ಕೆ ಎಣ್ಣೆ ಹಚ್ಚಿದ್ದು ನೆನಪಿದೆ; ಮರುದಿನದ ಸಂಗತಿ ಮರೆತುಹೋಗುತ್ತದೆ. ಅವನು ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಮುಂದೆ ತಗಲುವ ವೆಚ್ಚವನ್ನೂ ತಾನೇ ಭರಿಸುವುದಾಗಿ ಮಾತು ಕೊಟ್ಟನು (ಲೂಕ 10:35). ಅಂಗಾಂಗ ಕಸಿಯಾದವರ ಮನೆಗಳಿಗೆ ಈ ಮರುದಿನದ ಪ್ರಶ್ನೆಯೇ ದೊಡ್ಡದು.

ಕಿಡ್ನಿ ಕಸಿಗೆಂದು ಧರ್ಮಕೇಂದ್ರದಲ್ಲಿ ಕಾಣಿಕೆ ಎತ್ತುತ್ತೇವೆ, ಪ್ರಾರ್ಥಿಸುತ್ತೇವೆ. ರೋಗಿ ಮನೆಗೆ ಬಂದರೆ ಎಲ್ಲ ಮುಗಿಯಿತೆಂದುಕೊಳ್ಳುತ್ತೇವೆ. ಆದರೆ ದೇಹವು ಹೊಸ ಅಂಗವನ್ನು ಪರಕೀಯವೆಂದು ಕಂಡು ತಿರಸ್ಕರಿಸಲು ಹವಣಿಸುತ್ತದೆ. 1954ರಲ್ಲಿ ಬಾಸ್ಟನ್ನಿನಲ್ಲಿ ವೈದ್ಯ ಜೋಸೆಫ್ ಮರ್ರೆ ನಡೆಸಿದ ಕಿಡ್ನಿ ಕಸಿ ಯಶಸ್ವಿಯಾದದ್ದು, ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಿಗೆ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮುಂತಾದ ಮಾತ್ರೆಗಳು ಸಾಮಾನ್ಯವಾಗಿ ಆ ಅಂಗ ಕೆಲಸಮಾಡುವಷ್ಟು ಕಾಲವೂ ಬೇಕು. ಹಣವಿಲ್ಲವೆಂದು ಯಾರಿಗೂ ಹೇಳದೆ ಮಾತ್ರೆ ಕಡಿಮೆ ಮಾಡಿದರೆ, ತಾಯಿ ಕೊಟ್ಟ ಕಿಡ್ನಿಯೂ ಕೈತಪ್ಪಬಹುದು.

ವಿಮೆ ಇದೆಯಲ್ಲ ಎನ್ನುವಿರಾ? ಪಾಲಿಸಿಯನ್ನು ತೆರೆದು ಓದಿರಿ. ಸಾಮಾನ್ಯ ಆರೋಗ್ಯ ವಿಮೆಯು ಆಸ್ಪತ್ರೆಯಲ್ಲಿ ದಾಖಲಾದ ಖರ್ಚನ್ನೂ, ಬಿಡುಗಡೆಯ ನಂತರ 60 ಅಥವಾ 90 ದಿನಗಳಂಥ ನಿಗದಿತ ಅವಧಿಯ ಔಷಧಿಯನ್ನೂ ಕೊಡುತ್ತದೆ. ಅನಂತರದ ಮಾತ್ರೆಗಳು ಹೊರರೋಗಿ ವೆಚ್ಚ; ಆ ಸೌಲಭ್ಯವನ್ನು ಪಾಲಿಸಿಯಲ್ಲಿ ಸೇರಿಸಿಲ್ಲವಾದರೆ ಹಣ ಬಾರದು. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕಹಾಕಬೇಕೆಂದು ಪ್ರಭು ಕಲಿಸಿದರಲ್ಲವೇ? ಆದುದರಿಂದ ಈ ಲೆಕ್ಕ ಶಸ್ತ್ರಚಿಕಿತ್ಸೆಗೆ ಮೊದಲೇ ಆಗಲಿ.

ಕುಟುಂಬಗಳು ಗಮನಿಸಬೇಕಾದ ಕೆಲವು ಸಂಗತಿಗಳು:

1. ಪಾಲಿಸಿಯ ಕಂತನ್ನು ತಪ್ಪಿಸಬೇಡಿ. ಕಸಿಯಾದವರಿಗೆ ಹೊಸ ವಿಮೆ ಸಿಗುವುದು ಕಷ್ಟ.

2. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡಬೇಡಿ. ಏಜೆಂಟರೇ ಹೇಳಿದರೂ ಸುಳ್ಳು ಸುಳ್ಳೇ. ಅದು ದೇವರಾಜ್ಞೆಗೆ ವಿರುದ್ಧ, ಮೇಲಾಗಿ ಹಣ ನಿರಾಕರಿಸಲು ಕಾರಣವೂ ಆಗುತ್ತದೆ. 2024ರ ನಿಯಮದಂತೆ, ಮೊದಲೇ ಇದ್ದು ತಿಳಿಸಿದ ಕಾಯಿಲೆಗೆ ಕಾಯುವ ಅವಧಿ ಮೂರು ವರ್ಷ ಮೀರುವಂತಿಲ್ಲ.

3. ವೈದ್ಯರ ಚೀಟಿ, ಔಷಧಿ ಬಿಲ್ಲು, ರಕ್ತಪರೀಕ್ಷೆಯ ವರದಿಗಳನ್ನು ದಿನಾಂಕದಂತೆ ಜೋಡಿಸಿಡಿ.

4. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೊದಲು ಕಂಪನಿಗೇ ದೂರು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ಕೊಡದಿದ್ದರೆ, ವಿಮಾ ಓಂಬುಡ್ಸ್‌ಮನ್‌ರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಅನ್ಯಾಯದ ನ್ಯಾಯಾಧಿಪತಿಯ ಬಾಗಿಲನ್ನು ಬಿಡದೆ ತಟ್ಟಿದ ವಿಧವೆಯನ್ನು ನೆನೆಯಿರಿ.

5. ಬಡತನದ ರೇಖೆಗಿಂತ ಕೆಳಗಿರುವವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಅಂಗಾಂಗ ಕಸಿ ಯೋಜನೆಯ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಲಿ. ಇ.ಎಸ್.ಐ. ಸದಸ್ಯರು ತಮ್ಮ ಚಿಕಿತ್ಸಾಲಯದಲ್ಲಿ ವಿಚಾರಿಸಲಿ.

6. ಅಗ್ಗದ ಕಂಪನಿಯ ಮಾತ್ರೆಗೆ ಬದಲಾಗುವುದಿದ್ದರೆ ವೈದ್ಯರನ್ನು ಕೇಳಿಯೇ ಬದಲಾಗಿ. ರಕ್ತದಲ್ಲಿ ಔಷಧಿಯ ಮಟ್ಟವನ್ನು ಅವರು ಮತ್ತೆ ನೋಡಬೇಕಾಗುತ್ತದೆ.

ಅಂಗದಾನವನ್ನು ಧರ್ಮಸಭೆ ಪ್ರೀತಿಯ ಕಾರ್ಯವೆಂದು ಮೆಚ್ಚುತ್ತದೆ. ಜಗದ್ಗುರು ಎರಡನೇ ಜಾನ್ ಪಾಲರು 1995ರ ತಮ್ಮ ವಿಶ್ವಪತ್ರದಲ್ಲಿ ಇದನ್ನು ಸ್ಮರಿಸಿದರು. ಹಾಗಾದರೆ ಆ ದಾನವನ್ನು ಕಾಯುವ ಮಾತ್ರೆಯೂ ಅದೇ ಪ್ರೀತಿಯ ಪಾಲಲ್ಲವೇ? ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರೇ, ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮರೆಯುವುದಕ್ಕಿಂತ, ತಿಂಗಳು ತಿಂಗಳು ಸ್ವಲ್ಪ ಕೊಡುವ ನಿಯಮ ಮಾಡಬಾರದೇ? ಕಾಗದಪತ್ರ ಬಲ್ಲ ಯುವಕರೇ, ಒಂದು ಅರ್ಜಿ ಬರೆದುಕೊಡುವುದೂ ಸೇವೆಯೇ. ರೋಗಿಗಳೇ, ಕೇಳಲು ನಾಚಬೇಡಿ; ಮಾತ್ರೆ ಮುಗಿಯುವ ಮುನ್ನವೇ ನಿಮ್ಮ ಗುರುಗಳ ಬಾಗಿಲು ತಟ್ಟಿರಿ.

ಈ ವಾರದ ಮನನಕ್ಕೆ: ನಮ್ಮ ಧರ್ಮಕೇಂದ್ರದಲ್ಲಿ ಚಿಕಿತ್ಸೆ ಮುಗಿಸಿ ಬಂದವರ ಮನೆಗೆ ನಾವು ಕೊನೆಯ ಸಲ ಹೋದದ್ದು ಯಾವಾಗ?