ಹಕ್ಕಿ ಹರಿವಾಣದ ಹಿಂಬದಿ: ‘ಆಧಾರಗಳು’ ಪಾಠದ ಬೋಧನಾಭ್ಯಾಸದಿಂದ

ಎಂಟನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸದ ಮೊದಲ ಪಾಠ ‘ಆಧಾರಗಳು’. ಬೋಧನಾಭ್ಯಾಸಕ್ಕೆ ಹೋದ ನಮಗೆಲ್ಲ ಈ ಪಾಠ ಚೆನ್ನಾಗಿ ಗೊತ್ತು. ಸಾಹಿತ್ಯ ಆಧಾರ, ಪುರಾತತ್ವ ಆಧಾರ ಎಂದು ಕಪ್ಪುಹಲಗೆಯ ಮೇಲೆ ಕವಲು ಬರೆದು, ಶಾಸನ, ನಾಣ್ಯ, ಸ್ಮಾರಕ ಎಂದು ಹೆಸರು ಹೇಳಿಸಿ, ಹಲ್ಮಿಡಿ ಶಾಸನದ ಚಿತ್ರ ತೋರಿಸಿದರೆ ಅವಧಿ ಮುಗಿಯುತ್ತದೆ. ನಾನೂ ಹಾಗೆ ಮುಗಿಸಬಹುದಿತ್ತು. ಮಕ್ಕಳ ಎದುರು ಒಂದು ನಿಜವಾದ ಹಳೆಯ ವಸ್ತುವನ್ನು ಇಡಬೇಕೆಂಬ ಆಸೆಯಿಂದ ನಮ್ಮ ಅಜ್ಜಿಯ ಮನೆಯ ‘ಹಕ್ಕಿ ಹರಿವಾಣ’ವನ್ನು ಶಾಲೆಗೆ ಒಯ್ದೆ. ಮೂರು ಅವಧಿಗಳಲ್ಲಿ ನಡೆದದ್ದನ್ನು, ನಾನು ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಹರಿವಾಣ ಎಂದರೆ ನಮ್ಮಲ್ಲಿ ಹಿತ್ತಾಳೆಯದು, ತಾಮ್ರದ್ದು. ಇದು ಪಿಂಗಾಣಿಯದು. ಮೊಟ್ಟೆಯಾಕಾರ, 16 ಅಂಗುಲ ಉದ್ದ, ಬಿಳಿಯ ಮೇಲೆ ನೀಲಿ ಚಿತ್ರ. ನಡುವೆ ಜೋಲುಬಿದ್ದ ವಿಲೋ ಮರ, ಅದರ ಪಕ್ಕ ಸೇತುವೆ, ಸೇತುವೆಯ ಮೇಲೆ ಮೂವರು, ಒಂದು ದೋಣಿ, ಮಂಟಪದಂಥ ಮನೆ, ಮುಂದೆ ಅಂಕುಡೊಂಕು ಬೇಲಿ. ಎಲ್ಲಕ್ಕಿಂತ ಮೇಲೆ, ಆಕಾಶದಲ್ಲಿ, ಒಂದಕ್ಕೊಂದು ಮುಖಮಾಡಿ ಹಾರುತ್ತಿರುವ ಎರಡು ಹಕ್ಕಿ. ಹಳೆಯ ಪಿಂಗಾಣಿ ಕೂಡಿಡುವವರು ಇದನ್ನು ‘ವಿಲೋ ವಿನ್ಯಾಸ’ ಎನ್ನುತ್ತಾರೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದ ತನ್ನ ಮುತ್ತಜ್ಜನ ಕೆಲಸ ಮೆಚ್ಚಿ ಇಂಗ್ಲಿಷ್ ದೊರೆ ಕೊಟ್ಟದ್ದು, ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು ಎಂದು ಅಜ್ಜಿ ಹೇಳುತ್ತಾರೆ. ಹಬ್ಬಕ್ಕೆ ಮಾತ್ರ ಅದು ಅಟ್ಟದಿಂದ ಇಳಿಯುತ್ತದೆ. ನನಗೆ ಕೊಡುವಾಗ ಹಳೆಯ ಸೀರೆಯಲ್ಲಿ ಮೂರು ಸುತ್ತು ಸುತ್ತಿ, “ನೀನು ಬಿದ್ರೂ ಪರವಾಗಿಲ್ಲ, ಇದು ಬೀಳಬಾರ್ದು” ಎಂದರು.

ಮೊದಲ ಪಾಠ ‘ಎ’ ವಿಭಾಗದಲ್ಲಿ. ಪೀಠಿಕೆಗೆ ಹರಿವಾಣವನ್ನು ಎತ್ತಿ ಹಿಡಿದು ಅದರ ಕಥೆ ಹೇಳಿದೆ. ಚೀನಾದಲ್ಲಿ ಒಬ್ಬ ಶ್ರೀಮಂತ ಅಧಿಕಾರಿ. ಅವನ ಮಗಳು ಮನೆಯ ಗುಮಾಸ್ತನನ್ನು ಪ್ರೀತಿಸಿದಳು. ತಂದೆ ಬೇಲಿ ಹಾಕಿಸಿದ, ಬೇರೆ ಗಂಡು ಗೊತ್ತುಮಾಡಿದ. ಇಬ್ಬರೂ ಓಡಿಹೋದರು. ಸೇತುವೆಯ ಮೇಲೆ ಮುಂದೆ ಹೋಗುತ್ತಿರುವವಳು ಅವಳು, ಹಿಂದೆ ಒಡವೆಪೆಟ್ಟಿಗೆ ಹಿಡಿದವನು ಅವನು, ಕೊನೆಗೆ ಚಾಟಿ ಹಿಡಿದು ಅಟ್ಟಿಸಿಕೊಂಡು ಬರುವವನು ತಂದೆ. ದೋಣಿಯಲ್ಲಿ ದೂರದ ದ್ವೀಪ ಸೇರಿದರೂ ಬಿಡದೆ ಕೊಲ್ಲಿಸಿದರು. ದೇವತೆಗಳು ಕರುಣೆಯಿಂದ ಅವರಿಬ್ಬರನ್ನೂ ಹಕ್ಕಿಗಳನ್ನಾಗಿ ಮಾಡಿದರು. ತರಗತಿ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಉಳಿದ ಸಮಯದಲ್ಲಿ ಆಧಾರಗಳ ವಿಧಗಳನ್ನು ಮುಗಿಸಿ, ಮೌಲ್ಯಮಾಪನದಲ್ಲಿ “ಈ ಹರಿವಾಣದಿಂದ ನಮಗೆ ಏನು ತಿಳಿಯುತ್ತದೆ?” ಎಂದು ಕೇಳಿದೆ. “ಚೀನಾದಲ್ಲಿ ಅಪ್ಪಂದಿರು ಬಹಳ ಕ್ರೂರಿಗಳಾಗಿದ್ದರು” ಎಂದ ಒಬ್ಬ. “ಚೀನಾದವರು ಹಕ್ಕಿಗಳನ್ನು ಪೂಜಿಸುತ್ತಿದ್ದರು” ಎಂದಳು ಇನ್ನೊಬ್ಬಳು. ಎರಡಕ್ಕೂ “ಗುಡ್” ಎಂದೆ.

ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು. “ಕಥೆ ಹೇಳಿದ ರೀತಿ ಚೆನ್ನಾಗಿದೆ. ಇದು ಚೀನಾದ ಕಥೆ ಎಂಬುದಕ್ಕೆ ಆಧಾರವೇನು?”

ನನ್ನಲ್ಲಿ ಆಧಾರವಿರಲಿಲ್ಲ. ಎಲ್ಲೋ ಕೇಳಿದ್ದನ್ನು ಹೇಳಿದ್ದೆ. ಆ ವಾರ ಹುಡುಕಿ ಓದಿದಾಗ ಪಾಠವೇ ತಲೆಕೆಳಗಾಯಿತು. ವಿಲೋ ವಿನ್ಯಾಸ ಚೀನಾದ್ದೇ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ ಚೀನಾದಿಂದ ನೀಲಿ-ಬಿಳಿ ಪಿಂಗಾಣಿ ಹಡಗುಗಟ್ಟಲೆ ಇಂಗ್ಲೆಂಡಿಗೆ ಬರುತ್ತಿತ್ತು, ಬೆಲೆ ಹೆಚ್ಚು. ಅದನ್ನು ಕಂಡು ಇಂಗ್ಲೆಂಡಿನ ಕುಂಬಾರರು, ಮುಖ್ಯವಾಗಿ ಸ್ಟಾಫರ್ಡ್‌ಶೈರ್ ಪ್ರಾಂತ್ಯದವರು, ತಮ್ಮ ಮಣ್ಣಿನಲ್ಲೇ ಅಂಥದನ್ನು ಮಾಡಲು ಹೊರಟರು. 1784ರ ಸುಮಾರಿಗೆ ಸ್ಟೋಕ್ ಊರಿನ ಜೋಸೈಯಾ ಸ್ಪೋಡ್ ಮೆರುಗಿನ ಕೆಳಗೆ ನೀಲಿ ಚಿತ್ರ ಅಚ್ಚುಹಾಕುವ ವಿಧಾನವನ್ನು ಹದಕ್ಕೆ ತಂದ. ಚೀನೀ ಚಿತ್ರಗಳಿಂದ ಒಂದೊಂದು ತುಣುಕು ಆಯ್ದು ವಿಲೋ ವಿನ್ಯಾಸ ರೂಪುಗೊಂಡದ್ದು 1790ರ ಸುಮಾರಿಗೆ. ಅನೇಕ ಕಾರ್ಖಾನೆಗಳು ಅದನ್ನು ನಕಲು ಮಾಡಿದವು. ನಾನು ಹೇಳಿದ ಕಥೆ ವಿವರವಾಗಿ ಅಚ್ಚಾದದ್ದು 1849ರಲ್ಲಿ, ‘ಫ್ಯಾಮಿಲಿ ಫ್ರೆಂಡ್’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ. ಎಂದರೆ ಚಿತ್ರ ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ, ಆ ಚಿತ್ರವನ್ನೇ ನೋಡಿ ಹೆಣೆದ ಕಥೆ ಅದು.

‘ಬಿ’ ವಿಭಾಗಕ್ಕೆ ಪಾಠ ಯೋಜನೆಯನ್ನು ಹೊಸದಾಗಿ ಬರೆದೆ. ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಜಮಖಾನ ಹಾಸಿ, ಹರಿವಾಣವನ್ನು ಬೋರಲು ಇಟ್ಟೆ. ನಿಯಮ ಮೂರೇ: ಕುಳಿತೇ ಮುಟ್ಟಬೇಕು, ಎರಡೂ ಕೈಯಲ್ಲಿ ಹಿಡಿಯಬೇಕು, ಜಮಖಾನದಿಂದ ಒಂದು ಗೇಣಿಗಿಂತ ಮೇಲೆತ್ತಬಾರದು. ಐದೈದು ಮಕ್ಕಳ ಗುಂಪು ಬಂದು ನೋಡಿ, ಕಂಡದ್ದನ್ನು ಮಾತ್ರ ಬರೆಯಬೇಕು. ಅಂದುಕೊಂಡದ್ದನ್ನು ಪುಟದ ಇನ್ನೊಂದು ಕಡೆ ಬರೆಯಬೇಕು. ಈ ಎರಡು ಕಾಲಂ ಇಲ್ಲದೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಹಿಂಬದಿಯಲ್ಲಿ ಏನಿದೆ ಎಂದು ನಾನೇ ಸರಿಯಾಗಿ ನೋಡಿರಲಿಲ್ಲ. ಮಕ್ಕಳು ನೋಡಿದರು. ಅಂಚಿನ ಬಳಿ ಮೂರು ಮೂರು ಸಣ್ಣ ಚುಕ್ಕಿಗಾಯ. ಕೂದಲೆಳೆಯಂಥ ಬಿರುಕುಗಳ ಬಲೆ, ಒಂದು ಕಡೆ ಕಂದು ಕಲೆ. ನಡುವೆ ನೀಲಿಯಲ್ಲಿ ಇಂಗ್ಲಿಷ್ ಅಕ್ಷರದ ‘ಇಂಗ್ಲೆಂಡ್’. ತಯಾರಕರ ಹೆಸರಿಲ್ಲ. ಚುಕ್ಕಿಗಳು ಗೂಡಿನಲ್ಲಿ ಸುಡುವಾಗ ತಟ್ಟೆಗಳು ಒಂದಕ್ಕೊಂದು ಅಂಟದಿರಲೆಂದು ಇಡುತ್ತಿದ್ದ ಮೊನೆಗಾಲುಗಳ ಗುರುತು. ಬಿರುಕುಬಲೆ ಮೆರುಗಿನದು; ಒಳಗಿನ ಮಣ್ಣೂ ಮೇಲಿನ ಮೆರುಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗದಿದ್ದರೆ ಹೀಗಾಗುತ್ತದೆ. ಹಳೆಯದೆಂದು ತೋರಿಸಲು ಬೇಕೆಂದೇ ಇಂಥ ಬಿರುಕು ಬರಿಸುವವರೂ ಇದ್ದಾರೆ. ಆದ್ದರಿಂದ ಅದೊಂದನ್ನೇ ನಂಬಿ ವಯಸ್ಸು ಹೇಳುವಂತಿಲ್ಲ.

ನಮಗೆ ನೆರವಾದದ್ದು ‘ಇಂಗ್ಲೆಂಡ್’ ಎಂಬ ಒಂದು ಪದ. 1890ರಲ್ಲಿ ಅಮೆರಿಕ ಮೆಕಿನ್ಲಿ ಸುಂಕ ಕಾಯಿದೆ ತಂದು, ಹೊರದೇಶದ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇರಲೇಬೇಕೆಂದಿತು. 1891ರಿಂದ ಅದು ಜಾರಿಗೆ ಬಂತು. ಹೀಗಾಗಿ ದೇಶದ ಹೆಸರೊಂದೇ ಇರುವ ಇಂಗ್ಲಿಷ್ ಪಿಂಗಾಣಿಯನ್ನು ಸಾಮಾನ್ಯವಾಗಿ 1891ರ ಈಚಿನದೆಂದೂ, ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಇಪ್ಪತ್ತನೆಯ ಶತಮಾನದ್ದೆಂದೂ ಸಂಗ್ರಾಹಕರು ಅಂದಾಜು ಮಾಡುತ್ತಾರೆ. ವಜ್ರಾಕಾರದ ನೋಂದಣಿ ಗುರುತಿದ್ದರೆ ಆ ವಿನ್ಯಾಸ ನೋಂದಣಿಯಾದದ್ದು 1842ರಿಂದ 1883ರ ಒಳಗೆ. ನಮ್ಮದರಲ್ಲಿ ಅದಿರಲಿಲ್ಲ.

“ಮಿಸ್, ಅದು ಅಮೆರಿಕದ ಕಾಯಿದೆ. ನಮ್ಮೂರಿಗೆ ಬಂದ ತಟ್ಟೆಗೆ ಯಾಕೆ ಹಾಕಿದ್ರು?” ಎಂದು ಹಿಂದಿನ ಸಾಲಿನ ಹುಡುಗ ಕೇಳಿದ. ನನ್ನ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ತರಗತಿಗೇ ತಿರುಗಿಸಿದೆ. ಅಂಗಡಿ ಮನೆಯ ಹುಡುಗಿಯೊಬ್ಬಳು, “ಮಾಡುವಾಗ ಯಾರು ತಗೋತಾರೆ ಅಂತ ಗೊತ್ತಿರಲ್ಲ ಮಿಸ್, ಎಲ್ಲಕ್ಕೂ ಒಂದೇ ಸೀಲು ಹೊಡೀತಾರೆ” ಎಂದಳು. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇರಲಿಲ್ಲ. ಅದನ್ನು ‘ಅಂದುಕೊಂಡದ್ದು’ ಕಾಲಂನಲ್ಲೇ ಬರೆಸಿದೆ.

ಆಮೇಲೆ ಅಜ್ಜಿಯ ಮಾತನ್ನು ಹಲಗೆಯ ಮೇಲೆ ಬರೆದೆ: “ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು.” ಒಡೆಯರು ತೀರಿಕೊಂಡದ್ದು 1868ರಲ್ಲಿ. ಮಕ್ಕಳು ತಾವೇ ಕಳೆದು 23 ವರ್ಷದ ವ್ಯತ್ಯಾಸ ಕಂಡುಹಿಡಿದರು. “ಹಂಗಾದ್ರೆ ನಿಮ್ಮಜ್ಜಿ ಸುಳ್ಳು ಹೇಳಿದ್ರಾ ಮಿಸ್?” ಎಂದು ಒಬ್ಬ ನೇರವಾಗಿ ಕೇಳಿಯೇಬಿಟ್ಟ. ಕೆನ್ನೆ ಬಿಸಿಯಾಯಿತು. “ಅಜ್ಜಿಗೆ ಹೇಳಿದವರು ಯಾರು? ಅವರಿಗೆ ಹೇಳಿದವರು ಯಾರು?” ಎಂದು ಕೇಳುತ್ತ ಬಾಯಿಮಾತು ಎಷ್ಟು ಕೈ ದಾಟಿ ಬಂದಿದೆ ಎಂದು ಎಣಿಸಿದೆವು. ಬಾಯಿಮಾತಿನಲ್ಲಿ ದೊರೆ, ರೈಟರ್, ತೋಟ ಉಳಿದಿವೆ. ಕಾಲ ಜಾರಿದೆ ಎಂದು ಮಕ್ಕಳು ಬರೆದುಕೊಂಡರು.

ಹರಿವಾಣವನ್ನು ತಿರುಗಿಸಿ ಹಕ್ಕಿಗಳನ್ನು ತೋರಿಸಿದ್ದು ಅನಂತರ. “ಗಂಡಭೇರುಂಡ ಬಿಡಿಸಿಟ್ಟಂಗಿದೆ” ಎಂದು ಒಬ್ಬ ಎಲ್ಲರನ್ನೂ ನಗಿಸಿದ. ಅಂಚಿನ ಬಳ್ಳಿ ಒಂದು ಕಡೆ ಸರಿಯಾಗಿ ಕೂಡಿಲ್ಲ ಎಂಬುದನ್ನು ಒಬ್ಬಳು ಬೆರಳಿಟ್ಟು ತೋರಿಸಿದಳು. ತಾಮ್ರದ ತಗಡಿನಲ್ಲಿ ಕೊರೆದ ಚಿತ್ರಕ್ಕೆ ಕೋಬಾಲ್ಟ್ ಬೆರೆತ ಮಸಿ ತುಂಬಿ, ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ಒಮ್ಮೆ ಸುಟ್ಟ ತಟ್ಟೆಗೆ ಅಂಟಿಸಿ ಉಜ್ಜಿ, ಕಾಗದವನ್ನು ತೊಳೆದು, ಮೆರುಗು ಹಚ್ಚಿ ಮತ್ತೆ ಸುಡುತ್ತಿದ್ದರು. ಅಂಚಿನ ಕಾಗದಪಟ್ಟಿ ಸುತ್ತುಬಂದು ಸೇರುವಲ್ಲಿ ಇಂಥ ಹೊಲಿಗೆ ಉಳಿಯುತ್ತದೆ. ಕೈಯಲ್ಲಿ ಬರೆದ ಚಿತ್ರಕ್ಕೂ ಅಚ್ಚಿನ ಚಿತ್ರಕ್ಕೂ ವ್ಯತ್ಯಾಸ ತಿಳಿಯಲು ಅದೊಂದು ಒಳ್ಳೆಯ ಗುರುತು. ಎಲ್ಲಕ್ಕಿಂತ ಕೊನೆಗೆ ಕಥೆ ಹೇಳಿ, ಅದರ ಪಕ್ಕದಲ್ಲಿ 1849 ಎಂದು ಬರೆದೆ. “ಚಿತ್ರ ಮೊದಲು, ಕಥೆ ಆಮೇಲಾ?” ಎಂದು ಒಂದಿಬ್ಬರಿಗೆ ಬೇಸರವಾಯಿತು. ಹಾಗಾದರೆ ಈ ಕಥೆ ಯಾರ ಬಗ್ಗೆ ತಿಳಿಸುತ್ತದೆ ಎಂದು ಕೇಳಿದೆ. ಸ್ವಲ್ಪ ತಡೆದು, “ಇಂಗ್ಲೆಂಡಿನವರು ಚೀನಾ ಹೇಗಿರುತ್ತೆ ಅಂದ್ಕೊಂಡಿದ್ರು ಅನ್ನೋದನ್ನ” ಎಂಬ ಉತ್ತರ ಬಂತು. ‘ಎ’ ವಿಭಾಗದಲ್ಲಿ ನಾನು ಕಳೆದುಕೊಂಡದ್ದು ಇದನ್ನೇ.

ಹಳೆಯ ಪಿಂಗಾಣಿಯನ್ನು ತರಗತಿಗೆ ತರುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದೆರಡು ಮಾತು. ಆ ಕಾಲದ ಮೆರುಗಿನಲ್ಲಿ ಸೀಸ ಇರುತ್ತಿತ್ತು. ಹುಣಿಸೆ, ನಿಂಬೆ, ಮೊಸರಿನಂಥ ಹುಳಿ ಪದಾರ್ಥ ಅದನ್ನು ಬಿಡಿಸಿಕೊಳ್ಳುತ್ತದೆ. ಬಿರುಕು ಬಿಟ್ಟ ತಟ್ಟೆಯಲ್ಲಂತೂ ಇನ್ನೂ ಸುಲಭ. ನಮ್ಮ ಮನೆಯಲ್ಲಿ ದೀಪಾವಳಿಗೆ ಈ ಹರಿವಾಣದಲ್ಲೇ ಚಿತ್ರಾನ್ನ ಬಡಿಸುತ್ತಿದ್ದರು. ಈಗ ಸಿಪ್ಪೆ ಸುಲಿಯದ ಬಾಳೆಹಣ್ಣು ಮಾತ್ರ. ಪ್ರದರ್ಶನಕ್ಕೆಂದು ಮಕ್ಕಳಿಂದ ತಿಂಡಿ ಹಾಕಿಸಬೇಡಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಸೀಳಿಲ್ಲದ್ದು ನಾದ ಕೊಡುತ್ತದೆ, ಸೀಳಿದ್ದು ಮಂಕಾಗಿ ಕೇಳುತ್ತದೆ. ಮಂಕಾದದ್ದನ್ನು ಕೈಯಿಂದ ಕೈಗೆ ದಾಟಿಸಬೇಡಿ. ಕಲೆ ತೆಗೆಯಲು ಬ್ಲೀಚಿಂಗ್ ಪುಡಿ ಹಾಕಿದರೆ ಮೆರುಗು ಹಾಳಾಗುತ್ತದೆ.

ಮೂರನೆಯ ಅವಧಿಗೆ ಮನೆಯಿಂದ ಹಳೆಯ ಪಾತ್ರೆಯೊಂದನ್ನು ತರಲು ಹೇಳಿದ್ದೆ. ನಮ್ಮಲ್ಲಿ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು, ಇಸವಿ ಚುಕ್ಕಿಚುಕ್ಕಿಯಾಗಿ ಹೊಡೆಸುವ ರೂಢಿ ಇದೆಯಲ್ಲ, ಮನೆಮನೆಯ ಶಾಸನವೇ ಅದು ಎಂದು ಹಿಗ್ಗಿದ್ದೆ. ಒಬ್ಬ ಹುಡುಗಿ ಅಂಚಿನಲ್ಲಿ ಎರಡು ಗಿಳಿ ಕೊರೆದ ಹಿತ್ತಾಳೆ ತಟ್ಟೆ ತಂದಿದ್ದಳು. ತರಗತಿಯಲ್ಲೇ ಚಂದದ ವಸ್ತು. ಹಿಂದಿನ ಪಾಠದ ಹುರುಪಿನಲ್ಲಿ ಅವಳ ಗುಂಪು ಮೊದಲು ಹಿಂಬದಿಯನ್ನೇ ತಿರುಗಿಸಿ ಜೋರಾಗಿ ಓದಿತು. ಬೇರೊಂದು ಮನೆತನದ ಹೆಸರು, ಒಂದು ಮದುವೆ, 1974. “ನಿಮ್ಮನೇದಲ್ವಾ ಇದು? ಎಲ್ಲಿಂದ ತಂದ್ರಿ?” ಎಂದು ಒಬ್ಬ ನಕ್ಕ. ಅವಳು ಅಕ್ಷರಗಳ ಮೇಲೆ ಅಂಗೈ ಇಟ್ಟು ಕುಳಿತುಬಿಟ್ಟಳು. ನಾನು “ಆಯ್ತು, ಮುಂದಿನ ಗುಂಪು” ಎಂದೆ. ಅದು ತಪ್ಪು ಎಂದು ಹೇಳುತ್ತಿರುವಾಗಲೇ ಗೊತ್ತಾಗಿತ್ತು. ಮಾತು ಹಾರಿಸಿದ್ದರಿಂದ, ಮುಚ್ಚಿಡುವಂಥದ್ದೇನೋ ಇದೆ ಎಂದು ನಾನೂ ಒಪ್ಪಿಕೊಂಡಂತಾಯಿತು.

ಮರುದಿನ ಪ್ರಾರ್ಥನೆಗೆ ಮುಂಚೆ ಅವಳೇ ಬಂದಳು. ಅವಳಿಗೂ ಗೊತ್ತಿರಲಿಲ್ಲವಂತೆ, ರಾತ್ರಿ ತಾಯಿಯನ್ನು ಕೇಳಿದ್ದಳು. ಅವಳ ಅಜ್ಜಿ ಆ ಮನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಆ ಮನೆಯ ಸೊಸೆಯ ಎರಡು ಬಾಣಂತನವನ್ನೂ ಅವರೇ ಮಾಡಿದ್ದರು. ಮನೆಯವರು ಊರು ಬಿಟ್ಟು ಬೆಂಗಳೂರಿಗೆ ಹೊರಟಾಗ ಸೊಸೆ ತನ್ನ ಮದುವೆಯ ತಟ್ಟೆಯನ್ನೇ ಕೊಟ್ಟು ಹೋದರಂತೆ. “ಕ್ಲಾಸಲ್ಲಿ ಹೇಳ್ಲಾ ಮಿಸ್?” ಎಂದು ಕೇಳಿದಳು. ಹೇಳಿದಳು. ನಕ್ಕಿದ್ದ ಹುಡುಗ ತಟ್ಟೆಯನ್ನು ಇನ್ನೊಮ್ಮೆ ಎರಡೂ ಕೈಯಲ್ಲಿ ಹಿಡಿದು ನೋಡಿದ. ಹಲಗೆಯ ಮೇಲೆ ಅವರೇ ಬರೆಸಿದ್ದು ಇಷ್ಟು: ಬರಹದಿಂದ ತಿಳಿದದ್ದು ಯಾರ ಮದುವೆ, ಯಾವ ವರ್ಷ, ಬಾಯಿಮಾತಿನಿಂದ ತಿಳಿದದ್ದು ಈ ಮನೆಗೆ ಹೇಗೆ ಬಂತು.

ಅವಳು ತಾನಾಗಿ ಬಂದದ್ದರಿಂದ ಸರಿಹೋಯಿತು. ಬಾರದೆ ಇದ್ದಿದ್ದರೆ? ಗಿರವಿಯಲ್ಲಿ ಮುಳುಗಿದ ಪಾತ್ರೆ, ಪಾಲಾದಾಗ ಜಗಳವಾಡಿ ತಂದ ಪಾತ್ರೆ, ಎಲ್ಲವೂ ಮನೆಗಳಲ್ಲಿರುತ್ತವೆ. ಈಗ ನನ್ನ ಪಾಠ ಯೋಜನೆಯ ‘ಪೂರ್ವಸಿದ್ಧತೆ’ಯಲ್ಲಿ ಎರಡು ಸಾಲು ಸೇರಿವೆ. ಮಕ್ಕಳು ತರುವ ವಸ್ತುವನ್ನು ಹಿಂದಿನ ದಿನವೇ ಅವರೊಬ್ಬರ ಜೊತೆ ಕುಳಿತು ನೋಡುವುದು. ತರಗತಿಗೆ ತೋರಿಸಬೇಕೋ ಬೇಡವೋ ಎಂಬುದನ್ನು ಮಗುವಿಗೂ ಮನೆಯವರಿಗೂ ಬಿಡುವುದು.

ಹರಿವಾಣ ಹಿಂದಿರುಗಿಸಲು ಹೋದಾಗ ಅಜ್ಜಿಗೆ ವಿಷಯ ಹೇಳಲು ಹಿಂಜರಿಕೆಯಾಯಿತು. ಆದರೂ ಹಿಂಬದಿ ತೋರಿಸಿ, ಇಸವಿಗಳನ್ನು ಹೇಳಿದೆ. ಅವರು ಕನ್ನಡಕ ಹಾಕಿಕೊಂಡು, ತಮಗೆ ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಹಂಗಾದ್ರೆ ಕೊಟ್ಟಿದ್ದು ಮುತ್ತಜ್ಜಂಗಲ್ಲ ಪುಟ್ಟಿ, ನಮ್ಮಜ್ಜಂಗೇ ಇರ್ಬೇಕು. ಅಪ್ಪನ ಕೆಲ್ಸ ಮಗನಿಗೆ ಬಂತು, ಅವ್ನೂ ಅದೇ ತೋಟದ ರೈಟ್ರು” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಸೀರೆ ಸುತ್ತುತ್ತ, “ದೊರೆ ಹಳೇದು ಕೊಟ್ಟಿರ್ಲಿಲ್ಲ ಅಂತಾಯ್ತಲ್ಲ ಮತ್ತೆ, ಹೊಸದನ್ನೇ ಕೊಟ್ಟಿದ್ದ” ಎಂದರು.