ಯಂತ್ರದ ಒಳತಂತ್ರಾಂಶವೂ ಆವೃತ್ತಿಯ ಹೊಂದಾಣಿಕೆಯೂ

ಆದೋನಿಯು ಹತ್ತಿಗೆ ಹೆಸರಾದ ಪೇಟೆಯೆಂಬುದು ನಮ್ಮ ಆಸ್ಪರಿಯ ಮಕ್ಕಳಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಸುಗ್ಗಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳ ಸಾಲನ್ನು ನೋಡುತ್ತಲೇ ನೀವು ಬೆಳೆದಿದ್ದೀರಿ. ಜಿನ್ನಿಂಗ್ ಮಿಲ್ಲಿನಲ್ಲಿ ಬೀಜವನ್ನು ಬೇರ್ಪಡಿಸಿ, ಅರಳೆಯನ್ನು ಒತ್ತಿ, 170 ಕಿಲೋಗ್ರಾಂ ತೂಕದ ಬೇಲುಗಳನ್ನಾಗಿ ಕಟ್ಟುತ್ತಾರೆ. ಒತ್ತುವ ಯಂತ್ರ ಯಾವಾಗ ಇಳಿಯಬೇಕು, ಎಷ್ಟು ಒತ್ತಡಕ್ಕೆ ನಿಲ್ಲಬೇಕು, ಬಾಗಿಲು ತೆರೆದಿದ್ದರೆ ಹೇಗೆ ಚಲಿಸದಿರಬೇಕು ಎಂಬುದನ್ನೆಲ್ಲ ಹೊಸ ಮಿಲ್ಲುಗಳಲ್ಲಿ ನಿರ್ಧರಿಸುವುದು ಗೋಡೆಯ ಪ್ಯಾನೆಲಿನೊಳಗಿನ ಒಂದು ಸಣ್ಣ ಪೆಟ್ಟಿಗೆ. ಎಲೆಕ್ಟ್ರಿಷಿಯನ್ನರು ಇದನ್ನು ಪಿ.ಎಲ್.ಸಿ. ಎನ್ನುತ್ತಾರೆ. ನಾವು ನಿಯಂತ್ರಕವೆಂದು ಕರೆಯೋಣ.

ಮೊದಲು ಈ ಕೆಲಸವನ್ನು ರಿಲೇಗಳು ಮಾಡುತ್ತಿದ್ದವು. ಕೆಲಸದ ಕ್ರಮ ಸ್ವಲ್ಪ ಬದಲಾದರೂ ನೂರಾರು ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1968ರಲ್ಲಿ ಇದಕ್ಕೊಂದು ಪರಿಹಾರ ಬೇಕೆಂದು ಕೇಳಿತು. ಡಿಕ್ ಮಾರ್ಲೆ ಮತ್ತು ಅವರ ಸಂಗಡಿಗರು ರೂಪಿಸಿದ ಮೊಡಿಕಾನ್ 084 ಎಂಬ ನಿಯಂತ್ರಕವು ಆ ಕಾಲದ ಮೊದಲ ಉತ್ತರಗಳಲ್ಲೊಂದು. ಅದು ಅವರ ಸಂಸ್ಥೆಯ 84ನೆಯ ಯೋಜನೆಯಾಗಿದ್ದುದರಿಂದ ಆ ಸಂಖ್ಯೆ ಬಂತು. ತಂತಿ ಬದಲಿಸುವ ಬದಲು ಬರೆಹವನ್ನು ಬದಲಿಸಿದರೆ ಸಾಕಾಯಿತು. ಆ ಬರೆಹ ಏಣಿಯ ಮೆಟ್ಟಿಲುಗಳಂತೆ ಕಾಣುವುದರಿಂದ ಅದಕ್ಕೆ ಲ್ಯಾಡರ್ ಎಂಬ ಹೆಸರು ಇಂದಿಗೂ ಉಳಿದಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಯಂತ್ರಕದಲ್ಲಿ ಎರಡು ಬಗೆಯ ಬರೆಹಗಳಿರುತ್ತವೆ. ಒಂದು, ಮಿಲ್ಲಿನ ಎಂಜಿನಿಯರು ಬರೆದ ಕ್ರಮ: ಇಂಥ ಗುಂಡಿ ಒತ್ತಿದರೆ ಇಂಥ ಮೋಟಾರು ತಿರುಗಲಿ ಎಂಬುದು. ಇನ್ನೊಂದು, ತಯಾರಕರೇ ಪೆಟ್ಟಿಗೆಯೊಳಗೆ ಇಟ್ಟ ಬರೆಹ. ಇದನ್ನು ಫರ್ಮ್‌ವೇರ್ ಎನ್ನುತ್ತಾರೆ. ಕನ್ನಡದಲ್ಲಿ ಒಳತಂತ್ರಾಂಶವೆಂದರೆ ತಪ್ಪಾಗಲಾರದು. ಎಂಜಿನಿಯರು ಬರೆದುದನ್ನು ಓದಿ ಅರ್ಥಮಾಡಿಕೊಂಡು ನಡೆಸುವುದು ಈ ಒಳತಂತ್ರಾಂಶವೇ. ಇವೆರಡಲ್ಲದೆ, ಹೊರಗೆ ಲ್ಯಾಪ್‌ಟಾಪಿನಲ್ಲಿ ಆ ಕ್ರಮವನ್ನು ಬರೆಯಲು ಬಳಸುವ ತಂತ್ರಾಂಶ ಬೇರೆಯೇ ಇರುತ್ತದೆ. ಇವಕ್ಕೆಲ್ಲ ಆವೃತ್ತಿಯ ಸಂಖ್ಯೆಗಳಿವೆ. ಲ್ಯಾಪ್‌ಟಾಪಿನ ತಂತ್ರಾಂಶದ ಆವೃತ್ತಿಯೂ ಪೆಟ್ಟಿಗೆಯ ಒಳತಂತ್ರಾಂಶದ ಆವೃತ್ತಿಯೂ ಒಂದಕ್ಕೊಂದು ಹೊಂದದಿದ್ದರೆ ಮಾತುಕತೆಯೇ ನಡೆಯುವುದಿಲ್ಲ.

ನಮ್ಮ ಮಕ್ಕಳಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಕನ್ನಡ ಕಲಿತ ನೀವು ರೈಲು ನಿಲ್ದಾಣದ ತೆಲುಗು ಫಲಕವನ್ನು ಓದುತ್ತೀರಿ. ಎರಡು ಲಿಪಿಗಳೂ ಅಕ್ಕತಂಗಿಯರು. ತಲೆಕಟ್ಟು ಬೇರೆಯಾದ ಅಕ್ಷರ ಬಂದಾಗ ತಡವರಿಸಿದರೂ ಹಿಂದುಮುಂದಿನ ಅಕ್ಷರಗಳಿಂದ ಊಹಿಸಿ ದಾಟುತ್ತೀರಿ. ಯಂತ್ರಕ್ಕೆ ಈ ಊಹೆ ಬಾರದು. ತನಗೆ ತಿಳಿಯದ ಒಂದು ಅಕ್ಷರ ಕಂಡರೂ ಇಡೀ ಪತ್ರವನ್ನೇ ಹಿಂದಿರುಗಿಸುತ್ತದೆ. ಹಾಗೆ ಹಿಂದಿರುಗಿಸುವುದೇ ಒಳ್ಳೆಯದು. ಟನ್ನುಗಟ್ಟಲೆ ಬಲದಿಂದ ಒತ್ತುವ ಯಂತ್ರವು ಅರ್ಧ ತಿಳಿದು ಅರ್ಧ ಊಹಿಸಿ ಕೆಲಸ ಮಾಡಿದರೆ ಅದರ ಬಳಿ ನಿಂತ ಕೂಲಿಯವನ ಕೈ ಏನಾದೀತು!

ಈ ಕಟ್ಟುನಿಟ್ಟು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುತ್ತದೆ. ರಾಕ್‌ವೆಲ್ ಸಂಸ್ಥೆಯ ಲಾಜಿಕ್ಸ್ ನಿಯಂತ್ರಕಗಳಲ್ಲಿ ನಿಯಮ ಬಹು ಬಿಗಿ: ಒಳತಂತ್ರಾಂಶದ ಮುಖ್ಯ ಸಂಖ್ಯೆ 20 ಆಗಿದ್ದರೆ ಲ್ಯಾಪ್‌ಟಾಪಿನಲ್ಲಿಯೂ 20ನೆಯ ಆವೃತ್ತಿಯೇ ಬೇಕು. 19 ಸಾಲದು, 21 ಕೂಡ ಒಗ್ಗದು. ಆದುದರಿಂದ ಆ ಕೆಲಸದವರು ಒಂದೇ ಕಂಪ್ಯೂಟರಿನಲ್ಲಿ ನಾಲ್ಕಾರು ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಸೀಮನ್ಸ್ ಸಂಸ್ಥೆಯ ಪದ್ಧತಿ ತುಸು ಸಡಿಲ. ಹೊಸ ತಂತ್ರಾಂಶವು ಹಳೆಯ ಪೆಟ್ಟಿಗೆಗಳನ್ನು ಸಾಮಾನ್ಯವಾಗಿ ಗುರುತಿಸುತ್ತದೆ. ಹಳೆಯ ತಂತ್ರಾಂಶಕ್ಕೆ ಮಾತ್ರ ತಾನು ಹುಟ್ಟಿದ ಮೇಲೆ ಬಂದ ಪೆಟ್ಟಿಗೆಯ ಪರಿಚಯವಿರುವುದಿಲ್ಲ. ಅವರ ಎಸ್7-1200 ಎಂಬ ನಿಯಂತ್ರಕದ 4.0 ಒಳತಂತ್ರಾಂಶಕ್ಕೆ ಟಿಯಾ ಪೋರ್ಟಲಿನ 13ನೆಯ ಆವೃತ್ತಿಯಾದರೂ ಬೇಕು. ಅಷ್ಟೇ ಅಲ್ಲ, ಅದೇ ಹೆಸರಿನ 3.0 ಪೆಟ್ಟಿಗೆಯನ್ನು 4.0ಕ್ಕೆ ಏರಿಸಲೂ ಬಾರದು. ಪೆಟ್ಟಿಗೆಯನ್ನೇ ಬದಲಿಸಬೇಕು.

ಇದರಿಂದ ಬರುವ ಕಷ್ಟವನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಮಿಲ್ಲಿದೆಯೆಂದಿಟ್ಟುಕೊಳ್ಳಿ. ಸುಗ್ಗಿಯ ನಡುವೆ, ಸಿಡಿಲಿನ ಹೊಡೆತಕ್ಕೋ ವಿದ್ಯುತ್ತಿನ ಏರಿಳಿತಕ್ಕೋ ನಿಯಂತ್ರಕ ಸುಟ್ಟುಹೋಯಿತು. ಮಾಲೀಕರು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಅದೇ ಹೆಸರಿನ, ಅದೇ ಮಾದರಿಯ ಹೊಸ ಪೆಟ್ಟಿಗೆಯನ್ನು ತರಿಸಿದರು. ಎಲೆಕ್ಟ್ರಿಷಿಯನ್ ಅದನ್ನು ಕೂಡಿಸಿ, ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪನ್ನು ಜೋಡಿಸಿದ. ಪರದೆಯ ಮೇಲೆ ಮೂಡಿದ್ದು ಒಂದೇ ಮಾತು: ಈ ಆವೃತ್ತಿ ತಿಳಿಯದು. ಹೊರಗಿನ ಪೆಟ್ಟಿಗೆ ಅದೇ, ತಂತಿ ಅದೇ, ಒಳಗಿನ ಸಂಖ್ಯೆ ಮಾತ್ರ ಬೇರೆ. ಹೊಸ ತಂತ್ರಾಂಶವನ್ನು ತರಿಸೋಣವೆಂದರೆ ಅದು ಈ ಹಳೆಯ ಲ್ಯಾಪ್‌ಟಾಪಿನಲ್ಲಿ ಕೂರದು. ಅಷ್ಟರಲ್ಲಿ ಎರಡು ದಿನ ಕಳೆದವು. ಒತ್ತದ ಅರಳೆ ಗುಡ್ಡೆಯಾಗಿ ಬಿತ್ತು. ದಿನಗೂಲಿಯ ಹೆಂಗಸರು ಬಂದ ದಾರಿಯಲ್ಲೇ ಹಿಂದಿರುಗಿದರು. ರೈತನ ಟ್ರ್ಯಾಕ್ಟರು ಬಾಡಿಗೆ ಏರುತ್ತಾ ಗೇಟಿನಲ್ಲೇ ನಿಂತಿತು. ಒಂದು ಚಿಕ್ಕ ಸಂಖ್ಯೆಯ ಭಾರವನ್ನು ಹೊರುವವರು ಆ ಸಂಖ್ಯೆಯ ಹೆಸರನ್ನೂ ಕೇಳದವರು.

ಎಲ್ಲವೂ ಎಲ್ಲಕ್ಕೂ ಹೊಂದುವಂತೆ ಏಕೆ ಮಾಡಬಾರದೆಂದು ಹತ್ತನೆಯ ತರಗತಿಯವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹೊಸ ಆವೃತ್ತಿಯಲ್ಲಿ ಹೊಸ ಆಜ್ಞೆಗಳು ಸೇರಿರುತ್ತವೆ, ಹಳೆಯ ದೋಷಗಳನ್ನು ತಿದ್ದಿರುತ್ತಾರೆ, ಕಳ್ಳರು ಒಳನುಗ್ಗದಂತೆ ಬೀಗಗಳನ್ನು ಬಿಗಿದಿರುತ್ತಾರೆ. ಇವನ್ನರಿಯದ ಹಳೆಯ ತಂತ್ರಾಂಶವನ್ನು ಒಪ್ಪಿಕೊಂಡರೆ ಅಪಾಯ. ಒಂದಕ್ಕೆಂದು ಬರೆದುದನ್ನು ಪರೀಕ್ಷಿಸದೆ ಇನ್ನೊಂದಕ್ಕೆ ಹಾಕಿದರೆ ಏನಾಗುವುದೆಂಬುದನ್ನು 1996ರ ಜೂನ್ 4ರಂದು ಜಗತ್ತು ಕಂಡಿತು. ಯುರೋಪಿನ ಏರಿಯಾನ್ 5 ರಾಕೆಟ್ಟಿನಲ್ಲಿ ಏರಿಯಾನ್ 4ರ ತಂತ್ರಾಂಶದ ಒಂದು ಭಾಗವನ್ನು ಹಾಗೆಯೇ ಉಳಿಸಿಕೊಂಡಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಒಂದು ಲೆಕ್ಕದ ಸಂಖ್ಯೆ ತನಗೆ ಇಟ್ಟ ಜಾಗದಲ್ಲಿ ಹಿಡಿಸಲಿಲ್ಲ. ಮೊದಲ ಹಾರಾಟದಲ್ಲಿಯೇ, ಸುಮಾರು 40 ಸೆಕೆಂಡುಗಳಲ್ಲಿ, ಅದು ಆಕಾಶದಲ್ಲಿ ಒಡೆದುಹೋಯಿತು.

ನಮ್ಮ ಕನ್ನಡದಲ್ಲಿಯೂ ಇದರ ಸಣ್ಣ ರೂಪವನ್ನು ನೋಡಬಹುದು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಲೇಖನವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿ ನಿಲ್ಲುತ್ತವೆ. ಯೂನಿಕೋಡಿನಲ್ಲಿ 1991ರಿಂದಲೂ ಕನ್ನಡಕ್ಕೆ ಸ್ಥಾನವಿದ್ದರೂ ಹಳೆಯ ಕಡತಗಳು ಇನ್ನೂ ಎಷ್ಟೋ ಕಡೆ ಉಳಿದಿವೆ. ಕಾಗದದ ಮೇಲಾದರೆ ತಪ್ಪು ತಿದ್ದಬಹುದು. ಮಿಲ್ಲಿನಲ್ಲಿ ಅಷ್ಟು ಪುರುಸೊತ್ತಿಲ್ಲ.

ಮುಂದೆ ಐ.ಟಿ.ಐ. ಅಥವಾ ಡಿಪ್ಲೊಮಾ ಸೇರುವ ಹುಡುಗ ಹುಡುಗಿಯರೂ, ಅವರನ್ನು ಕಳಿಸುವ ತಂದೆತಾಯಂದಿರೂ ಒಂದೆರಡು ಮಾತು ಗಮನಿಸಬೇಕು. ಪೆಟ್ಟಿಗೆಯ ಬದಿಯ ಚೀಟಿಯಲ್ಲಿರುವ ಆವೃತ್ತಿ ಕಾರ್ಖಾನೆಯಿಂದ ಹೊರಟಾಗಿನದು. ನಡುವೆ ಯಾರಾದರೂ ಬದಲಿಸಿದ್ದರೆ ಆ ಚೀಟಿ ಸುಳ್ಳಾಗುತ್ತದೆ; ಲ್ಯಾಪ್‌ಟಾಪು ಜೋಡಿಸಿ ಒಳಗಿನದನ್ನೇ ಓದಬೇಕು. ಒಳತಂತ್ರಾಂಶವನ್ನು ಬದಲಿಸುವುದಾದರೆ ಸುಗ್ಗಿ ಮುಗಿದ ಮೇಲೆಯೇ ಸರಿ, ಅದಕ್ಕೂ ಮೊದಲು ಇದ್ದ ಕ್ರಮದ ಪ್ರತಿಯೊಂದನ್ನು ತೆಗೆದಿಡಬೇಕು. ನಡುವೆ ಕರೆಂಟು ಹೋದರೆ ಪೆಟ್ಟಿಗೆ ಕಲ್ಲಾದೀತು. ನಮ್ಮ ಕಡೆಯ ಕರೆಂಟಿನ ವಿಷಯ ನಿಮಗೆ ಗೊತ್ತೇ ಇದೆ. ಇನ್ನೊಂದು ಮಾತು: ಹಳೆಯ ಕಡತವನ್ನು ಹೊಸ ತಂತ್ರಾಂಶದಲ್ಲಿ ತೆರೆದು ಉಳಿಸಿದರೆ ಬಹಳ ಸಲ ಅದು ಮರಳಿ ಹಳೆಯದರಲ್ಲಿ ತೆರೆಯದು. ಆದುದರಿಂದ ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಬೇಕು.

ಬಲ್ಲ ಎಲೆಕ್ಟ್ರಿಷಿಯನ್ನರು ಪ್ಯಾನೆಲಿನ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ನಿಯಂತ್ರಕದ ಮಾದರಿ, ಒಳತಂತ್ರಾಂಶದ ಸಂಖ್ಯೆ, ಬರೆಯುವ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಕಡತದ ಪ್ರತಿ ಯಾರ ಬಳಿ ಇದೆ, ಕೊನೆಯ ಸಲ ಬದಲಿಸಿದ ತಾರೀಕು, ಇಷ್ಟು ಅದರಲ್ಲಿರುತ್ತದೆ. ಅರಳೆಯ ಧೂಳಿಗೂ ಎಣ್ಣೆಯ ಕೈಗೂ ಅಳಿಯದಂತೆ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ.