ಮೀನು ಅಗ್ಗ, ನೀರು ದುಬಾರಿ

ಒಂದು ಜೋಡಿ ಕ್ಲೌನ್ ಮೀನಿಗೆ ನಾನು ಕೊಟ್ಟದ್ದು 1,600 ರೂಪಾಯಿ. ಅವು ಈಜುವ ನೀರು ಸಿದ್ಧವಾಗುವಷ್ಟರಲ್ಲಿ ಖರ್ಚಾದದ್ದು 26,000 ಚಿಲ್ಲರೆ. ಸಮುದ್ರದ ಮೀನು ಸಾಕಬೇಕೆಂದು ಹೊರಡುವವರು ಮೊದಲು ವಿಚಾರಿಸುವುದು ಮೀನಿನ ಬೆಲೆಯನ್ನು. ಅಂಗಡಿಯಲ್ಲಿ ಚೀಟಿ ಅಂಟಿಸಿರುವುದೂ ಅದಕ್ಕೇ. ನೀರಿನ ಬೆಲೆಯನ್ನು ಯಾರೂ ಎಲ್ಲೂ ಬರೆದಿರುವುದಿಲ್ಲ.

ನಮ್ಮ ಮನೆಯದು ಎರಡಡಿ ಉದ್ದದ ಟ್ಯಾಂಕು. ಕಲ್ಲು, ಮರಳು ಹಾಕಿದ ಮೇಲೆ 55 ಲೀಟರ್ ನೀರು ಹಿಡಿಯುತ್ತದೆ. ಗಾಜಿನ ಕೆಲಸದವರಿಗೆ ಅಳತೆ ಕೊಟ್ಟು ಮಾಡಿಸಿದ್ದರಿಂದ 2,500ಕ್ಕೆ ಆಯಿತು. ತುಂಬಿದಾಗ 80 ಕಿಲೋ ಮೇಲೆ ತೂಗುತ್ತದೆ, ಟಿವಿ ಸ್ಟ್ಯಾಂಡಿನ ಮೇಲೆ ಇಡುವ ಮಾತಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡು, 2,000. ಫಿಲ್ಟರು ಮತ್ತು ಅಲೆ ಎಬ್ಬಿಸುವ ಪಂಪು 3,500, ಕಲ್ಲು-ಮರಳು 3,000, ಲೈಟು 2,000, ಹೀಟರ್ 900, ನೀರು ಪರೀಕ್ಷೆಯ ಕಿಟ್‌ಗಳು 2,500, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 2,000, ಫ್ಯಾನು, ಬಕೆಟ್ಟು, ಕರೆಂಟು ಹೋದಾಗ ಬ್ಯಾಟರಿಯಲ್ಲಿ ಓಡುವ ಏರ್ ಪಂಪು ಇತ್ಯಾದಿ 1,700. ಎಲ್ಲಕ್ಕಿಂತ ದೊಡ್ಡ ಬಾಬ್ತು ಉಪ್ಪು: 20 ಕಿಲೋ ಚೀಲಕ್ಕೆ 6,000.

ಉಪ್ಪಿಗೆ ಆರು ಸಾವಿರ ಎಂದಾಗ ಉಡುಪಿಯಲ್ಲಿರುವ ಹೆಂಡತಿಯ ತಮ್ಮ ಫೋನಿನಲ್ಲೇ ನಕ್ಕುಬಿಟ್ಟ. "ಎಂತ ಭಾವ, ಉಪ್ಪು ನೀರಿಗೂ ದುಡ್ಡು ಕೊಡುವುದಾ? ಮಲ್ಪೆಯಲ್ಲಿ ಬೇಕಾದಷ್ಟು ಉಂಟು. ಕ್ಯಾನಿನಲ್ಲಿ ತುಂಬಿಸಿ ರಾತ್ರಿ ಬಸ್ಸಿಗೆ ಹಾಕ್ತೇನೆ." ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಲೆಕ್ಕ ಹಾಕದೆ ಬಿಡುವ ಜಾಯಮಾನ ನನ್ನದಲ್ಲ. ಉಪ್ಪು ಕಿಲೋಗೆ 300 ರೂಪಾಯಿ. ಒಂದು ಲೀಟರಿಗೆ ಬೇಕಾಗುವುದು 36 ಗ್ರಾಂ, ಅಂದರೆ ಹನ್ನೊಂದು ರೂಪಾಯಿಯದು. 20 ಲೀಟರ್ ಮನೆಯಲ್ಲೇ ಕಲಸಿಕೊಂಡರೆ 220. ಅಷ್ಟೇ ನೀರು ಮಲ್ಪೆಯಿಂದ ಬರಬೇಕೆಂದರೆ ಬಸ್ಸಿನ ಲಗೇಜು, ಬೆಳಗಿನ ಜಾವ ಇಲ್ಲಿ ಮೆಜೆಸ್ಟಿಕ್‌ನಿಂದ ಮನೆಗೆ ಆಟೊ, ಎಲ್ಲ ಸೇರಿ 400 ದಾಟುತ್ತದೆ. ಸಾಲದ್ದಕ್ಕೆ ಮಳೆಗಾಲದಲ್ಲಿ ಉದ್ಯಾವರ ಹೊಳೆ, ಸ್ವರ್ಣಾ ನದಿ ತಂದು ಸುರಿಯುವ ಸಿಹಿನೀರಿನಿಂದ ದಡದ ಹತ್ತಿರದ ಉಪ್ಪಿನಂಶ ಇಳಿದಿರುತ್ತದೆ, ಬಂದರಿನ ಬೋಟುಗಳ ಡೀಸೆಲ್ಲೂ ಅದರಲ್ಲಿ ಬೆರೆತಿರುತ್ತದೆ. ಭಾಮೈದನಿಗೆ ಇದನ್ನೆಲ್ಲ ವಿವರಿಸಿದೆ. "ಹಾಗಾದರೆ ಮೀನು ತಿನ್ನಲಿಕ್ಕೆ ಮಾತ್ರ ಬನ್ನಿ" ಎಂದ.

ಅಡುಗೆ ಉಪ್ಪು ಯಾಕಾಗದು ಎಂದು ಕೇಳುವವರಿದ್ದಾರೆ. ಸಮುದ್ರದ ನೀರಿನಲ್ಲಿ ಕರಗಿರುವ ಲವಣಗಳಲ್ಲಿ ಸೋಡಿಯಂ ಕ್ಲೋರೈಡ್ ಸುಮಾರು ಶೇ 85. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ. ನಾವು ಹೆಚ್ಚು ದುಡ್ಡು ಕೊಡುವುದೇ ಆ ಉಳಿದ ಭಾಗಕ್ಕೆ. ದೊಡ್ಡ ಚೀಲ ತಂದರೆ ಕಿಲೋ ಲೆಕ್ಕದಲ್ಲಿ ಅಗ್ಗ, ನಮ್ಮ ಬಳಕೆಗೆ ಎರಡು ವರ್ಷ ಬರುತ್ತದೆ. ಆದರೆ ಬಾಯಿ ಬಿಚ್ಚಿಟ್ಟರೆ ಜುಲೈ ತಿಂಗಳ ತೇವಕ್ಕೆ ಇಡೀ ಚೀಲ ಹೆಂಟೆಗಟ್ಟುತ್ತದೆ. ಬಿಗಿ ಮುಚ್ಚಳದ ಹಳೆಯ ಪೇಂಟ್ ಡಬ್ಬವನ್ನು ಚೆನ್ನಾಗಿ ತೊಳೆದು ಒಣಗಿಸಿ, ಒಳಗೆ ಚೀಲ ಇಟ್ಟು, ಅದರಲ್ಲಿ ತುಂಬಿಡುವುದು ನನ್ನ ಪದ್ಧತಿ.

ಉಪ್ಪು ಕಲಸುವ ನೀರು ಬೋರ್‌ವೆಲ್‌ನದಾಗಬಾರದು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ನೈಟ್ರೇಟ್ ಬೇರೆ. ಆರ್‌ಒ ನೀರೇ ಬೇಕು. ಅದಕ್ಕೆಂದು ಯಂತ್ರ ಕೊಳ್ಳುವ ಮೊದಲು ನಿಮ್ಮ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೋಗಿ. 5-10 ರೂಪಾಯಿಗೆ 20 ಲೀಟರ್ ಸಿಗುತ್ತದೆ. ಟಿಡಿಎಸ್ ಮೀಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು, ಘಟಕದ ಫಿಲ್ಟರ್ ಬದಲಿಸಿ ಎಷ್ಟು ಕಾಲವಾಯಿತು ಎಂಬುದನ್ನು ಅದರಲ್ಲಿ ಮೂಡುವ ಅಂಕಿಯೇ ಹೇಳುತ್ತದೆ.

ಸಿಹಿನೀರಿನ ಅಕ್ವೇರಿಯಂ ಇಟ್ಟವರಿಗೆ ಇಲ್ಲದ ಒಂದು ನಿತ್ಯದ ಕೆಲಸ ಇಲ್ಲಿದೆ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಫ್ಯಾನ್ ಹಾಕಿದ ದಿನ ನಮ್ಮ ಟ್ಯಾಂಕಿನಿಂದ ಒಂದು ಲೀಟರ್ ಹತ್ತಿರ ಹೋಗುತ್ತದೆ. ರಿಫ್ರಾಕ್ಟೋಮೀಟರಿನ ನೀಲಿ ಗಾಜಿನ ಮೇಲೆ ಎರಡು ಹನಿ ಹಾಕಿ, ಗುಳ್ಳೆ ಉಳಿಯದಂತೆ ಮುಚ್ಚಳ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದರೆ ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಸೇರುವ ಗೆರೆ 1.025ರಲ್ಲಿ ಇರಬೇಕು. ನಾಲ್ಕು ದಿನ ನೀರು ಹಾಕದಿದ್ದರೆ ಗೆರೆ 1.027ಕ್ಕೆ ಏರಿರುತ್ತದೆ. ಆದ್ದರಿಂದ ದಿನವೂ ಆವಿಯಾದಷ್ಟು ಆರ್‌ಒ ನೀರು, ಉಪ್ಪಿಲ್ಲದ್ದು, ಹಾಕುತ್ತಿರಬೇಕು. ಊರಿಗೆ ಹೋಗುವಾಗ ಒಂದೊಂದು ದಿನಕ್ಕೆ ಒಂದೊಂದು ಬಾಟಲಿ ತುಂಬಿ, ವಾರದ ಹೆಸರು ಬರೆದು, ಮಹಡಿ ಮನೆಯ ಹುಡುಗನಿಗೆ ಒಪ್ಪಿಸುತ್ತೇನೆ. ವಾಪಸು ಬಂದಾಗ ಅವನಿಗೊಂದು ದೊಡ್ಡ ಚಾಕೊಲೇಟು. ನೀರು ತಾನಾಗಿ ತುಂಬಿಕೊಳ್ಳುವ ಸಾಧನಕ್ಕೆ 2,500 ಆಗುತ್ತದೆ. ಸದ್ಯಕ್ಕೆ ಹುಡುಗನೇ ಲಾಭ.

ಇದರಿಂದಲೇ 20 ಲೀಟರಿನ ಪುಟ್ಟ ಟ್ಯಾಂಕನ್ನು ಹೊಸಬರಿಗೆ ನಾನು ಹೇಳುವುದಿಲ್ಲ. ಗಾಜಿನಲ್ಲಿ ಸಾವಿರ ರೂಪಾಯಿ ಉಳಿದೀತು. ಆದರೆ ಅಷ್ಟು ಕಡಿಮೆ ನೀರಿನಲ್ಲಿ ಒಂದು ದಿನದ ಆವಿ, ಸತ್ತ ಒಂದು ಬಸವನಹುಳು, ಎರಡು ಚಿಟಿಕೆ ಹೆಚ್ಚಾದ ಆಹಾರ ಎಲ್ಲವೂ ದೊಡ್ಡ ಏರುಪೇರೇ.

ಟ್ಯಾಂಕು ತುಂಬಿಸಿದ ಮೇಲೆ ನಾಲ್ಕರಿಂದ ಆರು ವಾರ ಮೀನು ಬಿಡುವಂತಿಲ್ಲ. ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟರೆ ಅಮೋನಿಯಾ ಏರುತ್ತದೆ. ಅದನ್ನು ನೈಟ್ರೈಟ್ ಮಾಡುವ, ಆ ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ನೆಲೆಯೂರಬೇಕು. ಮೊದಲೆರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು. "ಮೂರು ದಿನ ಮೋಟರ್ ಓಡಿಸಿ ಸಾರ್, ಆಮೇಲೆ ಬಿಡಿ" ಎನ್ನುವ ಅಂಗಡಿಯವರಿಗೆ ಸತ್ತ ಮೀನಿನ ಜಾಗಕ್ಕೆ ಇನ್ನೊಂದು ಮಾರುವುದರಲ್ಲಿ ನಷ್ಟವೇನೂ ಇಲ್ಲ. ಖಾಲಿ ನೀರು ನೋಡುತ್ತಾ ಕೂತ ನನ್ನನ್ನು ಮನೆಗೆ ಬಂದವರೆಲ್ಲ ವಿಚಿತ್ರವಾಗಿ ನೋಡಿದರು. ಆ ವಾರಗಳಲ್ಲಿ ಲೈಟು ಹಾಕಲೇಬೇಕಿಲ್ಲ, ಪಾಚಿಯೂ ಕಡಿಮೆ, ಕರೆಂಟೂ ಉಳಿಯಿತು.

ಕರೆಂಟಿನ ಮಾತು ಬಂತು. ಫಿಲ್ಟರು 8 ವ್ಯಾಟ್, ಅಲೆಯ ಪಂಪು 5, ಎರಡೂ ಹಗಲಿರುಳು. ಲೈಟು 30 ವ್ಯಾಟ್, ಎಂಟು ಗಂಟೆ. ಫ್ಯಾನೋ ಹೀಟರೋ ಸೇರಿ ತಿಂಗಳಿಗೆ 20 ಯೂನಿಟ್ ಆಜುಬಾಜು. ನಮ್ಮದು ಗೃಹಜ್ಯೋತಿ ಮನೆ. 2022-23ರ ಸರಾಸರಿಗೆ ಶೇ 10 ಸೇರಿಸಿ ನಮಗೆ ಸಿಕ್ಕಿರುವುದು 148 ಯೂನಿಟ್. ಟ್ಯಾಂಕು ಬರುವ ಮೊದಲು 145ರಲ್ಲಿ ಇರುತ್ತಿದ್ದೆವು, ಈಗ 165. ಹೆಚ್ಚಾದ 17 ಯೂನಿಟ್ಟಿಗೆ 120 ರೂಪಾಯಿಯ ಬಿಲ್ಲು. ಇದು ದೊಡ್ಡದಲ್ಲ. ಹುಷಾರಾಗಿರಬೇಕಾದ್ದು 200ರ ಗೆರೆಯಲ್ಲಿ. ಅದನ್ನು ದಾಟಿದ ತಿಂಗಳು ಉಚಿತದ ಮಾತಿಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ನೀರು ತಣ್ಣಗಿಡುವ ಚಿಲ್ಲರ್ ತಂದರೆ 20,000ಕ್ಕೆ ಮೇಲೆ ಬೆಲೆ, ತಿಂಗಳಿಗೆ 40 ಯೂನಿಟ್. ಏಪ್ರಿಲ್‌ನಲ್ಲಿ ಮನೆಯ ಫ್ಯಾನುಗಳೂ ಬಿಡುವಿಲ್ಲದೆ ತಿರುಗುವಾಗ ನಾವು 225 ಮುಟ್ಟುವುದು ಖಂಡಿತ, ಆಗ ಬಿಲ್ಲು 1,700 ದಾಟುತ್ತದೆ. ಪಶ್ಚಿಮದ ಕಿಟಕಿಯಿಂದ ದೂರದ ಗೋಡೆಗೆ ಟ್ಯಾಂಕು ಇಟ್ಟು, ನೀರಿನ ಮೇಲೆ ಪುಟ್ಟ ಫ್ಯಾನ್ ಬಿಟ್ಟಿದ್ದರಿಂದ 28 ಡಿಗ್ರಿ ಮೀರಿಲ್ಲ. ಕ್ಲೌನ್ ಮೀನಿಗೆ ಅಷ್ಟು ಸಾಕು.

ಉಪ್ಪು 220, ನೀರು 25, ಕರೆಂಟು 120, ಆಹಾರ 100, ಫಿಲ್ಟರಿನ ಹತ್ತಿ ಮತ್ತು ಅವಧಿ ಮುಗಿಯುವ ಟೆಸ್ಟ್ ಕಿಟ್‌ಗಳ ಪಾಲು 200. ಮೂರು ವರ್ಷಕ್ಕೊಮ್ಮೆ ಪಂಪು, ಲೈಟು ಕೈಕೊಡುತ್ತವೆ ಎಂದುಕೊಂಡು ಪಕ್ಕಕ್ಕಿಡುವ 330. ತಿಂಗಳಿಗೆ ಒಂದು ಸಾವಿರ. ಈ ಕೊನೆಯ ಬಾಬ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹವ್ಯಾಸ ನಿಂತುಹೋಗುವುದು ಬಹುಪಾಲು ಅಲ್ಲೇ. ಇದೇ ಸಾವಿರವನ್ನು ಅಂಚೆ ಕಚೇರಿಯ ಆರ್.ಡಿ.ಗೆ ಶೇ 6.7ರ ದರದಲ್ಲಿ ಕಟ್ಟಿದ್ದರೆ ಐದು ವರ್ಷಕ್ಕೆ 71,000 ಆಗುತ್ತಿತ್ತು. ನಾನು ಬಿಟ್ಟುಕೊಡುತ್ತಿರುವುದು ಅಷ್ಟನ್ನು, ಗೊತ್ತಿದ್ದೇ. ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತದೆ, ಆದ್ದರಿಂದ ಲೆಕ್ಕ ಇನ್ನೂ ಉದ್ದಕ್ಕಿದೆ.

ಉಳಿಸಬಹುದಾದ ಕಡೆ ಉಳಿಸಿ. ಮೀನು ಮಾತ್ರ ಸಾಕುವವರಿಗೆ ಹವಳಕ್ಕೆಂದು ಮಾಡಿದ ದುಬಾರಿ ಲೈಟು ದಂಡ. ಕಲ್ಲಿನಂಥ ಗಟ್ಟಿ ಹವಳ, ಅದರ ದಿಬ್ಬದಿಂದ ಕಿತ್ತು ತಂದ 'ಲೈವ್ ರಾಕ್' ಅಗ್ಗಕ್ಕೆ ಕೊಡುತ್ತೇವೆ ಎಂದರೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಗಟ್ಟಿ ಹವಳವೂ ಇದೆ, ಕಡಲಕುದುರೆಯೂ ಇದೆ. ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು. ಒಣ ಕಲ್ಲು, ಸೆರಾಮಿಕ್ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಅಷ್ಟೇ ಸುಖವಾಗಿ ಇರುತ್ತವೆ. ಮೀನನ್ನಂತೂ ಹ್ಯಾಚರಿಯದ್ದೇ ಕೇಳಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಜಂಗಳಲ್ಲಿ ಕ್ಲೌನ್ ಮೀನನ್ನು ಮರಿ ಮಾಡಿಸಿ ಬೆಳೆಸುವ ವಿಧಾನ ರೂಪಿಸಿದ್ದಾರೆ. ಕಡಲಿನಿಂದ ಹಿಡಿದ ಮೀನು ಹಲವು ಸಲ ಗುಳಿಗೆ ಆಹಾರವನ್ನು ಮೂಸಿಯೂ ನೋಡುವುದಿಲ್ಲ. ಹಣ ಕೊಡುವ ಮೊದಲು ಅಂಗಡಿಯವರಿಗೆ "ನನ್ನೆದುರಿಗೇ ನಾಲ್ಕು ಕಾಳು ಹಾಕಿ" ಎನ್ನಿ.

ಹೊಸದೇ ಬೇಕೆಂಬ ಹಟವಿಲ್ಲದವರು ಬೇಸಿಗೆ ಮುಗಿಯುವವರೆಗೆ ಕಾಯಬಹುದು. ಬಿಸಿಲಿಗೆ ಮೀನು ಕಳೆದುಕೊಂಡು ಬೇಸತ್ತವರು ಮೇ ಕೊನೆಗೆ ಸ್ಟ್ಯಾಂಡಿನ ಸಮೇತ ಮಾರಾಟಕ್ಕೆ ಇಡುತ್ತಾರೆ. ಗಾಜು, ಸ್ಟ್ಯಾಂಡು, ರಿಫ್ರಾಕ್ಟೋಮೀಟರು ಧಾರಾಳವಾಗಿ ಕೊಳ್ಳಿ. ತಾಮ್ರದ ಔಷಧ ಬಳಸಿದ್ದರೇ ಎಂದು ಕೇಳಿ, ಹೌದೆಂದರೆ ಕಲ್ಲು-ಮರಳು ಅವರಿಗೇ ಇರಲಿ. ಹೀರಿಕೊಂಡ ತಾಮ್ರ ಅವುಗಳಿಂದ ನಿಧಾನವಾಗಿ ಬಿಡುತ್ತಲೇ ಇರುತ್ತದೆ, ಸಿಗಡಿ, ಬಸವನಹುಳು ಉಳಿಯುವುದಿಲ್ಲ. ಚೌಕಾಸಿಯನ್ನು ಹೊಸದರ ಮೂರನೇ ಒಂದು ಪಾಲಿನಿಂದ ಶುರು ಮಾಡಿ. ಟ್ಯಾಂಕಿನಲ್ಲಿ ಇನ್ನೂ ನೀರಿದ್ದರೆ ಅರ್ಧಕ್ಕಿಂತ ಮೇಲೆ ಹೋಗಬೇಕಾಗಿ ಬರುವುದಿಲ್ಲ, ಯಾಕೆಂದರೆ ಅದನ್ನು ಖಾಲಿ ಮಾಡಿ ಮಹಡಿ ಇಳಿಸುವ ಕೆಲಸ ಯಾರಿಗೂ ಬೇಡವಾಗಿರುತ್ತದೆ.